ವೈನಿಯ ಅಂಗೈ

ಬೆಲ್ಲದ ಬಾಗೇವಾಡಿಯಲ್ಲಿ ನಮ್ಮಷ್ಟು ದೊಡ್ಡ ಮನೆ ಇನ್ನೊಂದಿಲ್ಲ. ಎಷ್ಟು ದೊಡ್ಡದೆಂದರೆ, ಇಬ್ಬರು ಅಣ್ಣತಮ್ಮಂದಿರು ಅದರಲ್ಲಿ ಹನ್ನೊಂದು ತಿಂಗಳು ಮಾತಿಲ್ಲದೆ ಬದುಕಿದರೂ ಒಬ್ಬರ ಭುಜ ಒಬ್ಬರಿಗೆ ತಾಗಲಿಲ್ಲ. ಹುಕ್ಕೇರಿ ತಾಲೂಕಿನಲ್ಲಿ ಇಂಥ ಸಾಧನೆ ಮಾಡಿದವರು ಬೇರೆ ಯಾರಾದರೂ ಇದ್ದರೆ ಬಂದು ನನ್ನೆದುರು ನಿಲ್ಲಲಿ. ಮನೆಗೆ ಇರುವುದು ಮೂರು ಕೋಣೆ, ಒಂದು ಪಡಸಾಲೆ, ಒಂದು ಹಿತ್ತಲು. ಆ ಮಾತು ಈಗ ಬೇಡ.

ಅಣ್ಣ ತವನಪ್ಪ ಹೊಲ ನೋಡುತ್ತಾನೆ. ನಾನು ಪಾಯಪ್ಪ, ಬಸ್ ಸ್ಟ್ಯಾಂಡಿನ ಬಾಜೂ ಸುಟ್ಟ ಮೋಟರುಗಳಿಗೆ ಹೊಸ ತಂತಿ ಸುತ್ತುವ ಅಂಗಡಿ ನನ್ನದು. ನಾನು ಸುತ್ತಿದ ಮೋಟರು ಘಟಪ್ರಭೆಯನ್ನು ಹಿಮ್ಮುಖ ಹರಿಸುತ್ತದೆ. ಮದುವೆ ಆಗಿಲ್ಲ. ಹೆಣ್ಣು ಕೊಡಲು ಮೂರು ಜಿಲ್ಲೆಯವರು ಸಾಲುಗಟ್ಟಿ ನಿಂತಿದ್ದರು. ಸಾಲು ಉದ್ದವಾಯಿತೆಂದು ನಾನೇ ಬಾಗಿಲು ಹಾಕಿಕೊಂಡೆ. ಮನೆಯಲ್ಲಿ ಇನ್ನು ನಮ್ಮ ಅವ್ವ ಭರಮವ್ವ, ಅಣ್ಣನ ಮಗಳು ಭಕ್ತಿ, ಮತ್ತು ಅಣ್ಣನ ಹೆಂಡತಿ ವಂದನಾ, ಅಂದರೆ ನನ್ನ ವೈನಿ. ವೈನಿ ಇಚಲಕರಂಜಿ ಕಡೆಯವರು, ತವರಿನಲ್ಲಿ ಮರಾಠಿ. ಇಲ್ಲಿಗೆ ಬಂದು ಇಪ್ಪತ್ನಾಲ್ಕು ವರ್ಷವಾಯಿತು, ಕನ್ನಡದಲ್ಲಿ ನನಗಿಂತ ಚೆನ್ನಾಗಿ ಬೈಯುತ್ತಾರೆ. ಎಣಿಸುವುದು ಮಾತ್ರ ಇವತ್ತಿಗೂ ಮರಾಠಿಯಲ್ಲೇ.

ಅಣ್ಣತಮ್ಮಂದಿರು ಮಾತು ಬಿಟ್ಟರೆ ಮನೆ ಹೇಗೆ ನಡೆಯುತ್ತದೆ? ವೈನಿಯ ಮೂಲಕ ನಡೆಯುತ್ತದೆ. ನಮ್ಮದು ಜೈನರ ಮನೆ, ಹೊತ್ತು ಮುಳುಗುವ ಮೊದಲೇ ಸಂಜೆಯ ಊಟ ಮುಗಿಯಬೇಕು. ಆದ್ದರಿಂದ ದಿನವೂ ಆರು ಗಂಟೆಯೊಳಗೆ ಒಂದೇ ಪಂಕ್ತಿಯಲ್ಲಿ, ಎರಡು ಮೊಳದ ಅಂತರದಲ್ಲಿ, ನಾನೂ ಅಣ್ಣನೂ ಕೂರಲೇಬೇಕಿತ್ತು.

"ತ್ವಾಟದ ಮೋಟರು ಸದ್ದು ಮಾಡಾಕತ್ತೈತಿ, ನೋಡಾಕ ಹೇಳು," ಎಂದು ಅಣ್ಣ ರೊಟ್ಟಿ ಮುರಿಯುತ್ತಾ ಹೇಳುವನು.

ವೈನಿ ನನ್ನ ಕಡೆ ತಿರುಗಿ, "ಮೋಟರು ಸದ್ದು ಮಾಡಾಕತ್ತೈತಂತ," ಎನ್ನುವರು.

"ನಾಳಿ ನೋಡ್ತಾನಂತ ಹೇಳ್ರಿ ವೈನಿ."

"ನಾಳಿ ನೋಡ್ತಾರಂತ."

"ಇವತ್ತ ನೋಡಿದ್ರ ಚಲೋ ಇತ್ತು ಅಂತ ಹೇಳು."

ಹೀಗೆ ಊಟ ಮುಗಿಯುವುದರೊಳಗೆ ವೈನಿ ಸಾವಿರ ಸಲ ಆ ಕಡೆಯಿಂದ ಈ ಕಡೆ ಕತ್ತು ಹೊರಳಿಸುತ್ತಿದ್ದರು. ಉಪ್ಪು ಬೇಕಾದರೂ ಅವರ ಮೂಲಕ. ಉಪ್ಪಿನ ಬಟ್ಟಲು ಅಣ್ಣನ ಮೊಣಕಾಲಿನ ಹತ್ತಿರವೇ ಇರುತ್ತಿತ್ತು.

ಮಾತು ಬಿಡಲು ಕಾರಣ ಎಳ್ಳುಕಾಳಿನಷ್ಟು. ಹೋದ ವರ್ಷ ಕಲ್ಲೋಳಿಯಿಂದ ಭಕ್ತಿಯನ್ನು ನೋಡಲು ಬಂದಿದ್ದರು. ಹುಡುಗ ತೇಜಸ, ಮೂಡಲಗಿಯಲ್ಲಿ ಟ್ರ್ಯಾಕ್ಟರ್ ಸಾಮಾನಿನ ಅಂಗಡಿ. ಭಕ್ತಿಗೂ ಅವನು ಮನಸ್ಸಿಗೆ ಬಂದಿದ್ದ. ಅವನು ಅವಲಕ್ಕಿ ತಿನ್ನುವಾಗ ಯಾರೂ ಕೇಳದೆಯೇ ಅವಳು ಎರಡು ಸಲ ನೀರು ತಂದಿಟ್ಟದ್ದನ್ನು ಇಡೀ ಮನೆ ನೋಡಿತ್ತು. ಹಿರಿಯರು ಮಾತಿಗೆ ಕುಳಿತು ಹೊಲ ಎಷ್ಟು ಎಂದು ಕೇಳಿದರು. ಅಣ್ಣ ಬಾಯಿ ತೆರೆಯುವಷ್ಟರಲ್ಲಿ ನಾನು ನಲವತ್ತು ಎಕರೆ ಎಂದೆ. ಇರುವುದು ಒಂಬತ್ತು. ಒಂದು ಬಾವಿ ಮೂರಾಯಿತು. ಬಿ.ಎಸ್ಸಿ.ಯನ್ನು ಎರಡನೇ ದರ್ಜೆಯಲ್ಲಿ ಮುಗಿಸಿದ ಹುಡುಗಿ ವಿಶ್ವವಿದ್ಯಾಲಯಕ್ಕೇ ಎರಡನೆಯವಳಾದಳು. ಮನೆತನದ ಮಾನವನ್ನು ನಾನು ಎತ್ತದೆ ಇನ್ನಾರು ಎತ್ತಬೇಕು?

ಎಂಟು ದಿನದ ಮೇಲೆ ಹುಡುಗನ ತಂದೆ ಫೋನು ಮಾಡಿದರು. ಊರಲ್ಲಿ ವಿಚಾರಿಸಿದ್ದರಂತೆ. ಅವರು ಗಟ್ಟಿಯಾಗಿ ಮಾತಾಡುವವರು, ಪಡಸಾಲೆಯಲ್ಲಿದ್ದ ನಮಗೆಲ್ಲ ಕೇಳಿಸಿತು. "ನಿಮ್ಮ ತಮ್ಮ ಹೇಳಿದ್ರಾಗ ಖರೆ ಯಾವುದು, ನೀವಾ ಹೇಳ್ರಿ." ಅಣ್ಣ ಫೋನು ಗೂಡಿನಲ್ಲಿಟ್ಟು ಹೊಲಕ್ಕೆ ಹೋದ. ಅವತ್ತಿನಿಂದ ನನ್ನೊಂದಿಗೆ ಮಾತಿಲ್ಲ.

ಭಕ್ತಿ ಅಳಲಿಲ್ಲ. ಮರುವಾರವೇ ಹುಕ್ಕೇರಿಯ ಒಂದು ಖಾಸಗಿ ಸಾಲೆಯಲ್ಲಿ ಕೆಲಸ ಕೇಳಿ ಸೇರಿಕೊಂಡಳು. ಮುಂಜಾನೆ ಎಂಟರ ಬಸ್ಸು, ಸಂಜೆ ಐದರ ಬಸ್ಸು. ವೈನಿಯೂ ಅಳಲಿಲ್ಲ. ಬೀಗರಿಗೆಂದು ಹೊರತೆಗೆದಿದ್ದ ತಾಟುಗಳನ್ನು ತೊಳೆದು, ಒರೆಸಿ, ಟ್ರಂಕಿನಲ್ಲಿಟ್ಟರು. ನಮ್ಮ ಮನೆಯವರು ಗಟ್ಟಿ ಜನ. ಒಬ್ಬರ ಕಣ್ಣಲ್ಲೂ ಒಂದು ಹನಿ ಇಲ್ಲ.

ಒಂದು ತಿಂಗಳೊಳಗೆ ವೈನಿಯ ಮೊಣಕೈಯಲ್ಲಿ ರೂಪಾಯಿಯಗಲದ ಕೆಂಪು ಕಲೆ ಕಾಣಿಸಿತು. ಅದರ ಮೇಲೆ ಬೆಳ್ಳಗೆ ಹೊಟ್ಟು. ಆಮೇಲೆ ತಲೆಯಲ್ಲಿ, ಮೊಣಕಾಲಲ್ಲಿ, ಕೊನೆಗೆ ಎರಡೂ ಅಂಗೈಗಳಲ್ಲಿ. ಮುಂಜಾನೆ ಅವರ ಹಾಸಿಗೆ ಜಾಡಿಸಿದರೆ ಪಡಸಾಲೆಯಲ್ಲಿ ಹಿಮಾಲಯವೇ ಸುರಿಯುತ್ತಿತ್ತು. ಅಂಗೈಯ ಚರ್ಮ ದಪ್ಪಗಾಗಿ, ಎತ್ತಿನ ಗೊರಸಿನಂತಾಗಿ, ಅಲ್ಲಲ್ಲಿ ಬಿರಿಯಿತು. ಹಿಟ್ಟು ನಾದಿದರೆ ಬಿರುಕಿಗೆ ಉಪ್ಪು ಹೋಗುತ್ತಿತ್ತು. ರೊಟ್ಟಿ ಬಡಿಯುವಾಗ ಒಮ್ಮೆ ರೊಟ್ಟಿಯ ಮೇಲೆ ಕೆಂಪು ಚುಕ್ಕೆ ಕಂಡು ಅವ್ವ ಇಡೀ ಪರಾತದ ಹಿಟ್ಟನ್ನೇ ಎಮ್ಮೆಗೆ ಹಾಕಿದಳು.

"ನಂಜಿಂದು ತಿಂದಾಳ," ಎಂದು ಅವ್ವನ ತೀರ್ಪು.

ಬೇರೆಯವರ ಮನೆಯಲ್ಲಾದರೆ ಪಥ್ಯಕ್ಕೆ ಬಿಡಲು ನೆಲದೊಳಗೆ ಬೆಳೆಯುವ ಉಳ್ಳಾಗಡ್ಡಿ, ಬಳ್ಳೊಳ್ಳಿ, ಬಟಾಟಿ ಇರುತ್ತವೆ. ನಾವು ಹುಟ್ಟುತ್ತಲೇ ಅವನ್ನೆಲ್ಲ ಬಿಟ್ಟವರು. ಆದರೂ ಅವ್ವ ಹುಡುಕಿ ಹುಡುಕಿ ಬಿಡಿಸಿದಳು. ಹುಳಿ ಹೋಯಿತು. ಶೇಂಗಾ ಚಟ್ನಿ ಹೋಯಿತು. ಮೊಸರು ಹೋಯಿತು. ಕೊನೆಗೆ ವೈನಿಯ ತಾಟಿನಲ್ಲಿ ಬಿಳಿ ಅನ್ನ ಮತ್ತು ಹೆಸರುಬೇಳೆಯ ಕಟ್ಟು ಮಾತ್ರ ಉಳಿಯಿತು. ಅದನ್ನೂ ಅವರು ರುಚಿ ಇದೆಯೋ ಇಲ್ಲವೋ ಎಂಬಂತೆ ಉಂಡು ಏಳುತ್ತಿದ್ದರು. ನಾನೇನು ಕೈಕಟ್ಟಿ ಕೂತಿರಲಿಲ್ಲ. ಏಳು ಊರಿನ ಹದಿನೇಳು ಎಣ್ಣೆ ತಂದೆ. ಒಂದರ ವಾಸನೆಗೆ ಎಮ್ಮೆ ಮೂರು ದಿನ ಹಾಲು ಕೊಡಲಿಲ್ಲ.

ಒಂದು ಸಂಗತಿ ಮಾತ್ರ ನಾನು ಕೂಡಿಸಿ ಹೇಳುತ್ತಿಲ್ಲ. ವೈನಿ ರೊಟ್ಟಿ ಬೇಯಿಸುವ ಕಾದ ಹಂಚನ್ನು ಅರಿವೆಯಿಲ್ಲದೆ ಬರಿಗೈಯಲ್ಲಿ ಇಳಿಸಲು ಶುರುಮಾಡಿದರು. ಮೊದಲ ಸಲ ನೋಡಿದಾಗ ನಾನು ಹೌಹಾರಿದೆ.

"ಸುಡೂದಿಲ್ಲೇನ್ರಿ ವೈನಿ?"

ಅವರು ತಮ್ಮ ಕೈಯನ್ನು ಬೇರೆ ಯಾರದೋ ಎಂಬಂತೆ ತಿರುಗಿಸಿ ನೋಡಿದರು. "ಗೊತ್ತಾಗೂದಿಲ್ಲ," ಎಂದರು.

ಬೇಸಿಗೆ ರಜೆಯಲ್ಲಿ ಭಕ್ತಿ ಪಟ್ಟು ಹಿಡಿದು ಅವರನ್ನು ಗೋಕಾಕದ ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಅಣ್ಣ ನೀರು ಬಿಡುವ ಪಾಳಿ ಇದೆಯೆಂದು ಬರಲಿಲ್ಲ. ನಾನು ಹೋದೆ, ನಾನಿಲ್ಲದೆ ಗೋಕಾಕದಲ್ಲಿ ಯಾವ ಡಾಕ್ಟರೂ ಬಾಗಿಲು ತೆರೆಯುವುದಿಲ್ಲ. ಎರಡೂವರೆ ತಾಸು ಬೆಂಚಿನ ಮೇಲೆ ಕುಳಿತೆವು.

ಡಾಕ್ಟರು ನಡುವಯಸ್ಸಿನ ಹೆಂಗಸು. ಕೈ, ತಲೆ, ಮೊಣಕಾಲು ಎಲ್ಲ ನೋಡಿ ಇದು ಸೋರಿಯಾಸಿಸ್ ಎಂದರು. ಅಂಟುವ ರೋಗವಲ್ಲ, ಒಂದೇ ತಾಟಿನಲ್ಲಿ ಉಂಡರೂ ಬರುವುದಿಲ್ಲ, ನಂಜಿನ ಮಾತು ಬಿಡಿ, ಹೊಟ್ಟೆ ತುಂಬ ಉಣ್ಣಿ ಎಂದರು. ಪೂರ್ತಿ ಹೋಗುತ್ತದೆಂದು ಮಾತು ಕೊಡಲಾರೆ, ಹತೋಟಿಯಲ್ಲಿ ಇಡಬಹುದು, ಏರುತ್ತದೆ, ಇಳಿಯುತ್ತದೆ ಎಂದರು. ಬರೆಯುತ್ತಾ ಬರೆಯುತ್ತಾ ಕೇಳಿದರು.

"ಮನ್ಯಾಗ ಏನಾರ ತ್ರಾಸ ಐತೇನ್ರಿ?"

"ಏನಿಲ್ರಿ," ಎಂದರು ವೈನಿ.

"ನಿದ್ದಿ ಬರ್ತೈತಿ?"

"ಬರ್ತೈತ್ರಿ."

"ಸಿಟ್ಟು, ಅಳು?"

ವೈನಿ ಯೋಚಿಸಿದರು. ಕಾಯಿಪಲ್ಲೆಯವನು ಏನು ಬೇಕೆಂದು ಕೇಳಿದಾಗ ಯೋಚಿಸುವಷ್ಟೇ ಹೊತ್ತು. "ಅವೆರಡೂ ಬರೂದಿಲ್ರಿ. ಹ್ವಾದ ವರ್ಷದಿಂದ ಬಂದಿಲ್ಲ."

ಡಾಕ್ಟರು ಪೆನ್ನು ಕೆಳಗಿಟ್ಟರು. ರೋಗ ಮನಸ್ಸಿನಿಂದಲೇ ಹುಟ್ಟಿತು ಅಂತ ನಾನು ಹೇಳುತ್ತಿಲ್ಲ, ಆದರೆ ಒಳಗೆ ಭಾರ ಇದ್ದರೆ ಇದು ಏರುತ್ತದೆ, ಏರಿದ್ದನ್ನು ನೋಡಿ ಭಾರ ಇನ್ನೂ ಹೆಚ್ಚುತ್ತದೆ ಎಂದರು. ಮುಲಾಮು ನಾನು ಕೊಡುತ್ತೇನೆ, ಉಳಿದದ್ದನ್ನು ಮನೆಯವರು ನೋಡಬೇಕು ಎಂದು ನನ್ನ ಮುಖ ನೋಡಿದರು. ನಮ್ಮ ಮನೆಯಂಥ ಸುಖದ ಮನೆ ಬೆಳಗಾವಿ ಜಿಲ್ಲೆಯಲ್ಲೇ ಇಲ್ಲವೆಂದು ನಾನು ಅವರಿಗೆ ತಿಳಿಸಿದೆ.

ತಿರುಗಿ ಬರುವಾಗ ಬಸ್ಸಿನಲ್ಲಿ ವೈನಿ ಕಿಟಕಿಗೆ ತಲೆಯಾನಿಸಿ ಮಲಗಿದ್ದರು. ಭಕ್ತಿ ಮುಲಾಮಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, "ಕಾಕಾ, ಸುಖದ ಮನಿ ಅಂದಿಯಲ್ಲ, ಇವತ್ತ ಉಪ್ಪು ನೀನಾ ಕೇಳಿ ಇಸ್ಗೋತಿ?" ಎಂದಳು.

"ನಿಮ್ಮಪ್ಪ ಮೊದಲ ಮಾತಾಡ್ಲಿ."

"ಅಪ್ಪನೂ ಹಂಗಾ ಅಂತಾನ," ಎಂದು ಅವಳು ಆ ಕಡೆ ಮುಖ ಮಾಡಿದಳು.

ಆಷಾಢದಲ್ಲಿ ನಮ್ಮೂರಿಗೆ ಮಹಾರಾಜರು ಬಂದರು. ದಿಗಂಬರ ಮುನಿಗಳು, ಚಾತುರ್ಮಾಸದ ನಾಲ್ಕು ತಿಂಗಳು ನಮ್ಮ ಬಸದಿಯಲ್ಲೇ ಇರುವವರು. ಮುನಿಗಳು ದಿನಕ್ಕೆ ಒಂದೇ ಸಲ ಆಹಾರ ತೆಗೆದುಕೊಳ್ಳುತ್ತಾರೆ. ನಿಂತುಕೊಂಡು, ಎರಡೂ ಕೈ ಬೊಗಸೆ ಮಾಡಿ. ಆ ಬೊಗಸೆಗೆ ತುತ್ತು ಇಡುವುದು ಶ್ರಾವಕರ, ಅಂದರೆ ನಮ್ಮಂಥ ಸಂಸಾರಿಗಳ ಭಾಗ್ಯ. ಆದರೆ ಯಾರ ಮನೆಗೆ ಬರುತ್ತಾರೆಂದು ಯಾರಿಗೂ ಗೊತ್ತಿರುವುದಿಲ್ಲ. ಮುನಿಗಳು ಹೊರಡುವ ಮೊದಲು ಮನಸ್ಸಿನಲ್ಲೇ ಒಂದು ವಿಧಿ ಇಟ್ಟುಕೊಳ್ಳುತ್ತಾರೆ: ಇವತ್ತು ಇಂಥದ್ದು ಕಂಡ ಬಾಗಿಲಲ್ಲಿ ಮಾತ್ರ ಆಹಾರ ಎಂದು. ಅದು ಎರಡು ತೆಂಗಿನಕಾಯಿ ಇರಬಹುದು, ಕಲಶ ಹಿಡಿದ ದಂಪತಿ ಇರಬಹುದು. ಆದ್ದರಿಂದ ಮುಂಜಾನೆ ಹತ್ತು ಗಂಟೆಗೆ ಓಣಿಯ ತುಂಬ ಪ್ರತಿ ಬಾಗಿಲಲ್ಲೂ ಜನ ಏನಾದರೊಂದನ್ನು ಹಿಡಿದು ನಿಂತಿರುತ್ತಾರೆ.

ಮಹಾರಾಜರು ಬಂದ ದಿನವೇ ವೈನಿ ಬಸದಿಯಲ್ಲಿ ನೇಮ ತೆಗೆದುಕೊಂಡು ಬಂದರು: ನನ್ನ ಕೈಯಿಂದ ಮುನಿಗಳ ಬೊಗಸೆಗೆ ಒಂದು ತುತ್ತು ಬೀಳುವವರೆಗೆ ಬೆಲ್ಲ ಮುಟ್ಟುವುದಿಲ್ಲ. ಹನ್ನೊಂದು ತಿಂಗಳಲ್ಲಿ ಅವರು ಬೇಕು ಎಂದು ಬಾಯಿಬಿಟ್ಟು ಕೇಳಿದ್ದು ಅದೊಂದೇ. ಅವ್ವ ಆ ಮಾತನ್ನು ಕೇಳಿ ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ.

"ಕೈ ನೋಡ್ಕೊಂಡಿಯೇನು?"

"ಡಾಕ್ಟರು ಅಂಟೂದಿಲ್ಲ ಅಂದಾರ್ರಿ ಅತ್ತಿ."

"ಡಾಕ್ಟರು ಬಂದು ಬಾಗಲದಾಗ ಕಾಯಶುದ್ಧಿ ಅಂತ ಹೇಳ್ತಾಳೇನು?"

ಅಷ್ಟಕ್ಕೆ ಆ ಮಾತು ಮುಗಿಯಿತು. ಮುನಿಗಳು ಬಾಗಿಲಲ್ಲಿ ನಿಂತಾಗ ಮನೆಯವರು ಬಾಯಿಬಿಟ್ಟು ಹೇಳಬೇಕು: ಮನಶುದ್ಧಿ, ವಚನಶುದ್ಧಿ, ಕಾಯಶುದ್ಧಿ, ಆಹಾರಜಲಶುದ್ಧಿ. ನಮ್ಮ ಮನಸ್ಸು, ಮಾತು, ಮೈ, ಅನ್ನನೀರು ಎಲ್ಲ ಶುದ್ಧ, ಬರಬೇಕು ಎಂದು. ಹೊಟ್ಟು ಉದುರುವ ಕೈ ಇಟ್ಟುಕೊಂಡು ಕಾಯಶುದ್ಧಿ ಹೇಳಲು ಬರುತ್ತದೆಯೇ? ತುತ್ತಿನಲ್ಲಿ ಒಂದು ಕೂದಲು, ಒಂದು ಚೂರು ಕಂಡರೂ ಮುನಿಗಳು ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಮರುದಿನದವರೆಗೆ ನೀರೂ ಇಲ್ಲ. ಊರೆಲ್ಲ ನಮ್ಮ ಮನೆಯ ಹೆಸರು ಹೇಳುತ್ತದೆ. ಮಹಾರಾಜರನ್ನೇ ಒಂದು ಮಾತು ಕೇಳಬಹುದಿತ್ತು. ನಾವು ಯಾರೂ ಕೇಳಲಿಲ್ಲ. ಗೊತ್ತಿರುವ ಮಾತನ್ನು ಕೇಳುವುದೇನು?

ಹಾಗಾಗಿ ಅವ್ವ ಎಪ್ಪತ್ತೆರಡನೇ ವಯಸ್ಸಿನಲ್ಲಿ ಮಡಿಯುಟ್ಟು ಒಲೆಯ ಮುಂದೆ ಕುಳಿತಳು. ಭಕ್ತಿ ಸಾಲೆಗೆ ತಡವಾಗಿ ಹೋಗುವ ಅನುಮತಿ ಪಡೆದು ಹಿಟ್ಟು ಬೀಸಿದಳು, ನೀರು ಸೋಸಿದಳು. ವೈನಿಯನ್ನು ಹಿತ್ತಲಿಗೆ ಕಳಿಸಿದರು. ಮಹಾರಾಜರು ಓಣಿ ದಾಟುವವರೆಗೆ ಅವರು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂರಬೇಕು, ಮುಂಬಾಗಿಲಿನಿಂದ ಕಾಣಬಾರದು. ಅಣ್ಣ ಇದನ್ನೆಲ್ಲ ನೋಡಿ ಕಲಶ ಬೆಳಗತೊಡಗಿದ. ವೈನಿ ಎದ್ದು ಹೋಗಿ ಕಲ್ಲಿನ ಮೇಲೆ ಕುಳಿತರು, ಓಣಿಯ ಗದ್ದಲ ನಿಂತ ಮೇಲೆ ಎದ್ದು ಬಂದು ಕಸ ಗುಡಿಸಿದರು. ಮುಲಾಮು ಹಚ್ಚುವಾಗ ಬೆಳಗಿನ ಬಿಸಿಲಿಗೆ ಕೈ ಬಿಡಿಸಿ ಬಿರುಕು ಎಣಿಸುತ್ತಿದ್ದರು. ಏಕ, ದೋನ್, ತೀನ್, ಚಾರ್, ಪಾಚ್. ಮೊಣಕೈಯ ಕಲೆ ತಿಳಿಯಾಗಿತ್ತು, ತಲೆಯೂ ಸುಧಾರಿಸಿತ್ತು. ಅಂಗೈಯ ಐದು ಬಿರುಕು ಮಾತ್ರ ಐದೇ.

ನಾವು ವಿಧಿಯನ್ನು ಹಿಡಿಯಲು ಮಾಡದ ಉಪಾಯವಿಲ್ಲ. ಕಲಶ, ಕಾಯಿ, ಬಾಳೆಹಣ್ಣು, ದಾಳಿಂಬೆ ಎಲ್ಲ ಹಿಡಿದು ನೋಡಿದೆವು. ಒಂದು ದಿನ ನಾನು ಎರಡೂ ಕೈಯಲ್ಲಿ ಎರಡು, ಕಂಕುಳಲ್ಲಿ ಎರಡು ತೆಂಗಿನಕಾಯಿ ಇಟ್ಟುಕೊಂಡು ನಿಂತೆ. ಮಹಾರಾಜರು ಎಡಬದಿಯ ಮನೆಗೆ ಹೋದರು, ಬಲಬದಿಯ ಮನೆಗೆ ಎರಡು ಸಲ ಹೋದರು, ಎದುರಿನ ಗೌರವ್ವನ ಗುಡಿಸಲಿಗೂ ಹೋದರು. ನಮ್ಮ ಬಾಗಿಲಿಗೆ ಬಂದಾಗ ಕಣ್ಣು ನೆಲದಲ್ಲಿಟ್ಟು ದಾಟಿ ನಡೆದರು. ಐವತ್ತು ದಿನ ಹೀಗೇ ಆಯಿತು. ಹಿಂದೆ ಕೂತವಳ ನೆರಳು ಮುಂದೆ ಬೀಳುತ್ತಿದೆ ಎಂದು ಅವ್ವ ಗೊಣಗಿದಳು. ವೈನಿ ಅದನ್ನು ಕೇಳಿದರು, ಮರುದಿನ ಹಿತ್ತಲಿನ ಕದವನ್ನೂ ಎಳೆದುಕೊಂಡು ಕುಳಿತರು.

ಭಾದ್ರಪದದಲ್ಲಿ ಒಂದು ಮಂಗಳವಾರ ಮಹಾರಾಜರು ನಮ್ಮ ಬಾಗಿಲಲ್ಲಿ ನಿಂತರು.

ಆ ದಿನ ಅಣ್ಣನ ಕೈಯಲ್ಲಿ ಕಲಶ, ನನ್ನ ಕೈಯಲ್ಲಿ ಒಂದೇ ಕಾಯಿ. ಯಾವುದು ವಿಧಿಯಾಯಿತೋ ಗೊತ್ತಿಲ್ಲ. ಹಿಂದೆ ಊರಿನ ಐನೂರು ಜನ, ಬೇಕಾದರೆ ಐವತ್ತು ಅನ್ನಿ. ನಾವು ಮಹಾರಾಜರಿಗೆ ಮೂರು ಸುತ್ತು ಬಂದೆವು. ಇನ್ನು ಶುದ್ಧಿ ಹೇಳಬೇಕು. ಊರಿನಲ್ಲೇ ದೊಡ್ಡ ಗಂಟಲು ನನ್ನದು, ಆದ್ದರಿಂದ ಮುಂದೆ ನಿಂತು ಹೇಳುವ ಕೆಲಸ ನನ್ನದು. ಉಳಿದವರು ನಾನು ಹೇಳಿದ್ದನ್ನು ಹೇಳಬೇಕು.

"ಮನಶುದ್ಧಿ," ಎಂದೆ. ಅಣ್ಣ, ಅವ್ವ, ಭಕ್ತಿ ಮೂವರೂ ಹೇಳಿದರು.

ಮುಂದಿನದು ವಚನಶುದ್ಧಿ. ಬಾಯಿ ತೆರೆದೆ. ಭಕ್ತಿ ನನ್ನ ಬಾಜೂ ನಿಂತಿದ್ದಳು. ಅವಳು ನನ್ನನ್ನು ಸಿಟ್ಟಿನಿಂದ ನೋಡಿದ್ದರೆ ನಾನು ಹೇಳಿಬಿಡುತ್ತಿದ್ದೆ. ಅವಳು ಸುಮ್ಮನೆ ನೋಡಿದಳು, ಮುಂದೇನು ಹೇಳುತ್ತಾನೆ ಎಂದು ಕಾಯುವ ಹಾಗೆ. ಕಲ್ಲೋಳಿಯವರು ಹೊಲ ಎಷ್ಟು ಎಂದು ಕೇಳಿದಾಗಲೂ ಬಾಗಿಲ ಹಿಂದಿನಿಂದ ಹೀಗೆಯೇ ನೋಡಿದ್ದಳು. ನನ್ನ ನಾಲಿಗೆ ಅಂಗುಳಿಗೆ ಹತ್ತಿಕೊಂಡಿತು. ನಲವತ್ತೈದು ವರ್ಷ ಒಂದು ಗಳಿಗೆಯೂ ಬಿಡುವು ಕೇಳದ ನಾಲಿಗೆ.

ಓಣಿಗೆಲ್ಲ ಹಿತ್ತಲಿನ ಕದ ಕಿರುಗುಟ್ಟಿದ್ದು ಕೇಳಿಸಿತು.

"ಹೇಳೋ ಪಾಯಪ್ಪ," ಎಂದ ಅಣ್ಣ. ನನಗೇ ಹೇಳಿದ, ನೇರವಾಗಿ. ಹನ್ನೊಂದು ತಿಂಗಳ ಮೇಲೆ ಮೊದಲ ಮಾತು.

ನನಗೆ ಆಗಲಿಲ್ಲ. ನಾನು ನಿಲ್ಲಿಸಿದ್ದಕ್ಕೆ ಅವರೂ ಮುಂದೆ ಹೇಳಲಿಲ್ಲ. ಮಹಾರಾಜರು ಒಂದು ಗಳಿಗೆ ನಿಂತರು. ಆಮೇಲೆ ಕೈಯಲ್ಲಿದ್ದ ಪಿಂಛಿಯ ನವಿಲುಗರಿಗಳನ್ನು ಸರಿಮಾಡಿಕೊಂಡು ಬಲಬದಿಯ ಮನೆಯ ಕಡೆ ನಡೆದರು. ಮೂರನೇ ಸಲ.

ಯಾರೂ ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ. ಅವ್ವ ಮಡಿಸೀರೆಯಲ್ಲೇ ಒಲೆಯ ಮುಂದೆ ಹೋಗಿ ಕುಳಿತು ಬೆಂಕಿ ಹಿಂದಕ್ಕೆಳೆದಳು. ಕೆಂಡಕ್ಕೆ ಬೂದಿ ಮುಚ್ಚುತ್ತಾ ಹೇಳಿದಳು: "ಅಕಿನ್ನ ಒಯ್ದು ಹಿಂದ ಕುಂದರಿಸಿದ್ನಿ. ತಪ್ಪು ನೋಡಿದ್ರ ಮುಂದ ನಿಂತಿತ್ತು." ವೈನಿ ಹಿತ್ತಲಿನಿಂದ ಬಂದು, ಏನಾಯಿತೆಂದೂ ಕೇಳದೆ, ಬಾಗಿಲಲ್ಲಿ ಇಟ್ಟಿದ್ದ ಮಣೆಯನ್ನು ಎತ್ತಿ ಒಳಗಿಟ್ಟರು.

ಸಂಜೆ ಊಟಕ್ಕೆ ಕುಳಿತೆವು. ಮಹಾರಾಜರಿಗೆಂದು ಮಾಡಿದ ಅಡುಗೆಯೇ ಇತ್ತು. ಎರಡು ಮೊಳದ ಅಂತರ ಇದ್ದ ಹಾಗೆಯೇ ಇತ್ತು. ಡಾಕ್ಟರು ಹೇಳಿದ್ದನ್ನು ಭಕ್ತಿ ಹಟ ಹಿಡಿದು ನಡೆಸಿದ್ದಳು, ವೈನಿಯ ತಾಟಿಗೆ ರೊಟ್ಟಿ ಪಲ್ಲೆ ಮರಳಿ ಬಂದಿತ್ತು. ಅಣ್ಣ ಒಂದು ತುತ್ತು ನುಂಗಿ, ತಾಟು ನೋಡುತ್ತಲೇ, "ಕಲ್ಲೋಳಿಗಿ ಹೋಗಿ ಬರ್ತಿಯೇನು?" ಎಂದ.

ಯಾರಿಗೆ ಹೇಳಿದ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ರೂಢಿ ಬಿಡುವುದೆಲ್ಲಿ? ನಾನು ವೈನಿಯ ಕಡೆ ತಿರುಗಿ, "ಹೋಗ್ತಾನಂತ ಹೇಳ್ರಿ ವೈನಿ," ಎಂದೆ.

ವೈನಿ ರೊಟ್ಟಿ ಅಗಿಯುತ್ತಿದ್ದರು. ಕತ್ತು ಹೊರಳಿಸಲಿಲ್ಲ.

"ನೀವಾ ಹೇಳ್ರಿ. ನನ್ನ ಬಾಯಾಗ ತುತ್ತೈತಿ," ಎಂದರು.

ಭಕ್ತಿ ತಲೆ ತಗ್ಗಿಸಿದಳು. ನಕ್ಕಳೋ ಏನೋ. ನಾನು ಗಂಟಲು ಸರಿಮಾಡಿಕೊಂಡು, "ಹೊಕ್ಕೇನಿ ಅಣ್ಣಾ," ಎಂದೆ. ಅಣ್ಣ ಉಪ್ಪಿನ ಬಟ್ಟಲನ್ನು ನನ್ನ ಕಡೆ ಸರಿಸಿದ. ನನಗೆ ಉಪ್ಪು ಬೇಕಾಗಿರಲಿಲ್ಲ. ಆದರೂ ಹಾಕಿಕೊಂಡೆ.

ಗುರುವಾರ ಗೋಕಾಕಕ್ಕೆ ಹೋಗಿ ಬಸ್ಸು ಬದಲಿಸಿ ಕಲ್ಲೋಳಿಯಲ್ಲಿ ಇಳಿದೆ. ದಾರಿಯುದ್ದಕ್ಕೂ ಆಡುವ ಮಾತನ್ನು ಜೋಡಿಸಿಕೊಂಡೆ. ಅದನ್ನು ಕೇಳಿದ್ದರೆ ಕಲ್ಲು ಕರಗುತ್ತಿತ್ತು. ತೇಜಸನ ತಂದೆ ಕಟ್ಟೆಯ ಮೇಲೆ ಕುಳಿತು ಹತ್ತಿ ಬೀಜದ ಚೀಲ ಹೊಲಿಯುತ್ತಿದ್ದರು. ಗುರುತು ಹಿಡಿದರು, ಬರ್ರಿ ಎಂದರು. ಜೋಡಿಸಿದ ಮಾತು ಒಂದೂ ಬರಲಿಲ್ಲ.

"ಒಂಬತ್ತು ಎಕರೆ ಐತ್ರಿ," ಎಂದೆ. "ಅದ್ರಾಗ ಎರಡು ಎಕರೆ ಕಲ್ಲ. ಬಾವಿ ಒಂದಾ. ಹುಡುಗಿ ಸೆಕೆಂಡ್ ಕ್ಲಾಸ್."

ಅವರು ದಾರವನ್ನು ಹಲ್ಲಿನಿಂದ ಕಡಿದರು. "ಹುಡುಗಂದು ಮದವಿ ಆಗೇತಿ."

"ಗೊತ್ತೈತ್ರಿ. ಹೇಳಾಕ ಬಂದ್ನಿ, ಅಷ್ಟಾ."

"ಹೊಲಾ ಕಡಿಮಿ ಅಂತ ಬಿಡಲಿಲ್ಲಪಾ ನಾವು. ನಮಗೂ ಎಂಟಾ ಎಕರೆ ಐತಿ. ಹೊಲದ ಸುದ್ದಿ ಹಿಂಗ ಹೇಳಾವ್ರು ಹುಡುಗಿ ಸುದ್ದಿ ಹೆಂಗ ಹೇಳಿರ್ತಾರ ಅಂತ ಬಿಟ್ವಿ."

ಒಳಗಿನಿಂದ ಒಬ್ಬ ಹುಡುಗಿ ಚಹಾ ತಂದಿಟ್ಟಳು. ತೇಜಸನ ಹೆಂಡತಿ ಇರಬೇಕು, ಕೊರಳಲ್ಲಿ ತಾಳಿಯ ಅರಿಶಿನ ಇನ್ನೂ ಹಸಿಯಾಗಿತ್ತು. ಚಹಾ ಚೆನ್ನಾಗಿತ್ತು. ಕುಡಿದು, ಬರ್ತೇನ್ರಿ ಎಂದು ಹೇಳಿ, ಬಂದೆ.

ಭಕ್ತಿ ಹಿತ್ತಲಿನಲ್ಲಿ ಬಟ್ಟೆ ತೆಗೆಯುತ್ತಿದ್ದಳು. ಏನಂದರು ಎಂದು ಕೇಳಿದಳು. ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ, ಬೀಜದ ಚೀಲ, ಚಹಾ, ತಾಳಿ ಎಲ್ಲ.

"ಇಷ್ಟಾ?"

"ಇಷ್ಟಾ."

"ಏನೂ ಕೂಡ್ಸಿಲ್ಲ?"

"ಇಲ್ಲವಾ."

ಅವಳು ನನ್ನ ಅಂಗಿಯನ್ನು ಮಡಿಸಿ ನನ್ನ ಕೈಗೇ ಕೊಟ್ಟಳು. ಇಷ್ಟು ದಿನ ಅದನ್ನು ಕಟ್ಟೆಯ ಮೇಲೆ ಇಟ್ಟು ಹೋಗುತ್ತಿದ್ದಳು.

ಮರುದಿನ ಮುಂಜಾನೆ ವೈನಿ ಸೆರಗು ಹೊದ್ದು ಹೊರಟರು. ಎಲ್ಲಿಗೆ ಎಂದು ಅವ್ವ ಕೇಳಿದಳು. ಬಸದಿಗೆ, ಮಹಾರಾಜರನ್ನು ಕೇಳಿ ಬರುತ್ತೇನೆ, ನೀವೂ ಬರುವುದಾದರೆ ಬನ್ನಿ ಎಂದರು ವೈನಿ. ಅವ್ವ ಕೋಲು ಹುಡುಕಿದಳು. ನಾನೂ ಹಿಂದೆ ಹೋದೆ.

ವೈನಿ ದೂರದಲ್ಲೇ ಕುಳಿತು ಎರಡೂ ಅಂಗೈ ಬಿಡಿಸಿ ತೋರಿಸಿದರು. ಡಾಕ್ಟರು ಹೇಳಿದ್ದನ್ನು ಹೇಳಿದರು. ಮಹಾರಾಜರು ಪೂರ್ತಿ ಕೇಳಿ, ರಕ್ತ ಒಸರುವಾಗ ಅಡುಗೆ ಮುಟ್ಟುವುದು, ತುತ್ತು ಇಡುವುದು ಬೇಡಮ್ಮ, ಬಿರುಕು ಮುಚ್ಚಿದ ಮೇಲೆ ಅಡ್ಡಿಯಿಲ್ಲ ಎಂದರು. ಆಮೇಲೆ ಕೇಳಿದರು:

"ನಿಮ್ಮನ್ನು ಬಾಗಿಲಲ್ಲಿ ಒಂದು ದಿನವೂ ಕಾಣಲಿಲ್ಲ. ನಿಲ್ಲಬಾರದೆಂದು ಯಾರು ಹೇಳಿದರು?"

ಅವ್ವ ಬಸದಿಯ ಮಾಡಿನಲ್ಲಿದ್ದ ಪಾರಿವಾಳಗಳನ್ನು ನೋಡುತ್ತಿದ್ದಳು. ವೈನಿ ಯಾರ ಹೆಸರೂ ಹೇಳಲಿಲ್ಲ.

ಅವತ್ತಿನಿಂದ ಮುಂಬಾಗಿಲಲ್ಲಿ ನಾವು ಐದು ಜನ ನಿಲ್ಲುತ್ತೇವೆ. ವೈನಿಯ ಕೈಯಲ್ಲಿ ಕಾಯಿ. ಭಕ್ತಿ ಸಾಲೆಗೆ ಹೋಗುವ ಮೊದಲು ಹಿಟ್ಟು ನಾದುತ್ತಾಳೆ, ರೊಟ್ಟಿ ಅವ್ವ ಬಡಿಯುತ್ತಾಳೆ. ಅಣ್ಣ ದಿನಕ್ಕೆ ಮೂರು ಮಾತು ಆಡುತ್ತಾನೆ, ಮೂರೂ ಮೋಟರಿನ ವಿಷಯ, ಆದರೆ ನನಗೇ ಆಡುತ್ತಾನೆ. ವೈನಿ ಊಟಕ್ಕೆ ಕುಳಿತರೆ ತಮ್ಮ ತಾಟು ನೋಡಿಕೊಂಡು ಉಣ್ಣುತ್ತಾರೆ. ಅವರು ನಕ್ಕರೆಂದೋ ಅತ್ತರೆಂದೋ ಹೇಳಲು ನನಗೂ ಆಸೆಯಿದೆ. ಎರಡನ್ನೂ ನಾನು ಇನ್ನೂ ನೋಡಿಲ್ಲ. ನಿನ್ನೆ ಮಾತ್ರ ಹಂಚು ಇಳಿಸಲು ಹೋದವರು ಕೈ ಹಿಂದಕ್ಕೆಳೆದುಕೊಂಡು, ಅರಿವೆ ತಂದು ಇಳಿಸಿದರು. ಮಹಾರಾಜರು ನಮ್ಮ ಬಾಗಿಲಲ್ಲಿ ಮತ್ತೆ ನಿಂತಿಲ್ಲ. ಚಾತುರ್ಮಾಸ ದೀಪಾವಳಿಗೆ ಮುಗಿಯುತ್ತದೆ, ಇನ್ನು ಇಪ್ಪತ್ತಾರು ದಿನ. ಬೆಲ್ಲದ ಡಬ್ಬಿ ಗೂಡಿನಲ್ಲಿ ಇದೆ.

ಇವತ್ತು ಮುಂಜಾನೆ ವೈನಿ ಹಿತ್ತಲಿನ ಕಲ್ಲಿನ ಮೇಲೆ ಮುಲಾಮು ಹಿಡಿದು ಕುಳಿತಿದ್ದರು. ನಾನು ಬಾಜೂ ನಿಂತು ಹಲ್ಲುಜ್ಜುತ್ತಿದ್ದೆ. ಅವರು ಬಿಸಿಲಿಗೆ ಕೈ ಬಿಡಿಸಿದರು.

"ಏಕ. ದೋನ್. ತೀನ್. ಚಾರ್."

ನಾನು ಐದಕ್ಕೆ ಕಾದೆ. ಅವರು ಎಡಗೈಯ ಹೆಬ್ಬೆರಳಿನ ಬುಡವನ್ನು ಹತ್ತಿರ ತಂದು ನೋಡಿದರು, ಉಗುರಿನಿಂದ ಮುಟ್ಟಿ ನೋಡಿದರು. ಆಮೇಲೆ ಮುಲಾಮಿನ ಮುಚ್ಚಳ ತಿರುಗಿಸಿದರು. ಮುಲಾಮಿನಿಂದ ಮುಚ್ಚಿತೋ, ಹಿಟ್ಟು ನಾದುವುದು ತಪ್ಪಿದ್ದರಿಂದಲೋ, ಇನ್ನೇತರಿಂದಲೋ ನನಗೆ ಗೊತ್ತಿಲ್ಲ. ನಾಳೆ ಮತ್ತೆ ಬಿರಿಯಲೂಬಹುದು.

ಪಡಸಾಲೆಯಿಂದ ಅಣ್ಣ ಕೂಗಿ ಕೇಳಿದ, ನನ್ನನ್ನೇ: "ಎಷ್ಟು ಮುಚ್ಚ್ಯಾವೋ?"

ಮೂರು ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ವೈನಿ ನನ್ನ ಬಾಯನ್ನೇ ನೋಡುತ್ತಿದ್ದರು.

"ಒಂದು," ಎಂದೆ.